ಬಚ್ಚಲಮನೆಯ ಚಿಲಕ

ಭಕ್ತರೇ, ಇಂದು ನಾವು ಅತ್ಯಂತ ಗಹನವಾದ, ದೊಡ್ಡ ದೊಡ್ಡ ಭಾಷ್ಯಕಾರರೂ ಮುಟ್ಟದೆ ಬಿಟ್ಟ ಒಂದು ವಿಷಯಕ್ಕೆ ಬಂದಿದ್ದೇವೆ. ಅದು ಬಚ್ಚಲಮನೆಯ ಚಿಲಕ. ನಗಬೇಡಿ. ಒಂದು ಜೀವ ಅದರ ಮೇಲೆ ನಿಂತಿತ್ತು.

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಮೈಯಲ್ಲಿ ಸಕ್ಕರೆ ಕಾಯಿಲೆ, ಮನಸ್ಸಿನಲ್ಲಿ ಲಾಡು. ವೈದ್ಯರು ಬೇಡವೆಂದರು, ಹೆಂಡತಿ ಬೇಡವೆಂದಳು. ಬಿಟ್ಟನೇ? ಬಚ್ಚಲಿಗೆ ಹೋಗಿ ಚಿಲಕ ಹಾಕಿ, ಸೀಗೆಪುಡಿ ಡಬ್ಬಿಯ ತಳದಿಂದ ಲಾಡು ತೆಗೆದು ತಿನ್ನುತ್ತಿದ್ದ. ದಿನಕ್ಕೆ ಎಷ್ಟು ಸಲ ಸ್ನಾನ, ಎಂಥ ಮಡಿವಂತ ಎಂದು ನೆರೆಯವರು ಹೊಗಳುತ್ತಿದ್ದರು.

ಅವನ ಪಕ್ಕದ ಮನೆಯಲ್ಲೇ ಒಬ್ಬ ನರ್ಸಮ್ಮ ಒಂದು ಕೋಣೆ ತೆರೆದಳು. ಸೂಜಿಯ ನಶೆಗೆ ಬಿದ್ದವರು ಮೋರಿ ಪಕ್ಕ ಒಬ್ಬೊಬ್ಬರೇ ಸಾಯುವ ಬದಲು ಅಲ್ಲಿಗೆ ಬಂದು, ಶುದ್ಧವಾದ ಸೂಜಿಯಲ್ಲಿ, ಅವಳ ಕಣ್ಣೆದುರು ಚುಚ್ಚಿಕೊಳ್ಳಬಹುದು. ಉಸಿರು ನಿಂತರೆ ಎಬ್ಬಿಸಲು ಅವಳಿದ್ದಾಳೆ. ಶ್ರೀಮಂತ ಕೆಂಡವಾದ.

"ಇದೇನ್ ಛತ್ರಾನಾ? ಹಿಂಗ್ ಕೂರ್ಸಿ ಜಾಗ ಕೊಟ್ರೆ ಚಟ ಬಿಡ್ತಾರೇನಮ್ಮ?"

"ಸತ್ತೋರು ಯಾವ್ ಚಟ ಬಿಡ್ತಾರೆ ಸಾವ್ಕಾರ್ರೆ? ಬಿಡೋಕೂ ಬದುಕಿರ್ಬೇಕು."

"ನಾಳೇನೆ ಪಂಚಾಯ್ತಿ ಸೇರ್ಸಿ ಬೀಗ ಹಾಕಿಸ್ತೀನಿ!"

ಗುಡುಗಿದ್ದಾಯಿತು. ಅಷ್ಟು ಸಿಟ್ಟಿಗೆ ಸಮಾಧಾನ ಬೇಡವೇ? ನೇರವಾಗಿ ಬಚ್ಚಲಿಗೆ ನಡೆದ. ಲಾಡು ಇನ್ನೇನು ಬಾಯಿಗೆ ಬಂತು ಅನ್ನುವಾಗ ಹೊರಗಿನಿಂದ ಹೆಂಡತಿ, "ಏನ್ರೀ, ಈಗ್ತಾನೆ ಸ್ನಾನ ಆಯ್ತಲ್ಲ!" ನೋಡಿ, ಕದ್ದು ತಿನ್ನುವವನಿಗೆ ಅಗಿಯುವ ಪುರುಸೊತ್ತು ಎಲ್ಲಿ? ಇಡೀ ಲಾಡು ಒಂದೇ ಸಲಕ್ಕೆ ಒಳಗೆ ತುರುಕಿದ. ಗಂಟಲಲ್ಲಿ ಕೂತಿತು. ಕೂಗಲು ಉಸಿರಿಲ್ಲ, ಚಿಲಕ ತೆಗೆಯಲು ಕೈಯಾಡುತ್ತಿಲ್ಲ. ತಂಬಿಗೆ ಉರುಳಿದ ಸದ್ದಷ್ಟೇ ಕೇಳಿತು.

ಹೆಂಡತಿ ಬೀದಿಗೆ ಕೇಳುವಂತೆ ಕೂಗಿಕೊಂಡಳು. ಬಾಗಿಲು ತೇಗದ್ದು, ಜಗ್ಗಲಿಲ್ಲ. ಮೇಲೊಂದು ಕಿಟಕಿ, ಬೆಕ್ಕು ನುಸುಳುವಷ್ಟು. ಅದರಲ್ಲಿ ಹಿಡಿಸುವ ಮೈ ಇಡೀ ಬೀದಿಯಲ್ಲಿ ಒಂದೇ ಒಂದು, ನರ್ಸಮ್ಮನ ಕೋಣೆಯ ಮುಂದೆ ಕೂತಿದ್ದ ನಶೆಯವನದು. ಅವನಿಗೆ 'ಊದಿನಕಡ್ಡಿ' ಎಂದು ಹೆಸರಿಟ್ಟವನು ಸ್ವತಃ ಶ್ರೀಮಂತನೇ. ಊದಿನಕಡ್ಡಿ ನುಸುಳಿದ, ಒಳಗೆ ಬಿದ್ದ, ಚಿಲಕ ತೆಗೆದ. ನರ್ಸಮ್ಮ ನುಗ್ಗಿ ಬಂದು ಶ್ರೀಮಂತನನ್ನು ಬಗ್ಗಿಸಿ ಬೆನ್ನಿಗೆ ಗುದ್ದಿದಳು. ಲಾಡು ಹಾರಿ ಹಂಡೆಗೆ ಬಿತ್ತು.

ಊದಿನಕಡ್ಡಿ ಮೊಣಕೈ ಉಜ್ಜಿಕೊಳ್ಳುತ್ತ ಕೇಳಿದ: "ಒಬ್ನೇ ಇದ್ದಾಗ ಬಾಗ್ಲು ಹಾಕ್ಕೋಬೇಡ ಅಂತ ನರ್ಸಕ್ಕ ನಮಗೆ ದಿನಾ ಹೇಳ್ತಾರೆ. ನಿಮ್ಗೆ ಯಾರೂ ಹೇಳ್ಲಿಲ್ವಾ ಸಾವ್ಕಾರ್ರೆ?"

ನಾನು ನಶೆಯನ್ನು ಹೊಗಳುತ್ತಿಲ್ಲ. ಲಾಡನ್ನೂ ಹೊಗಳುತ್ತಿಲ್ಲ, ಪ್ರಸಾದದ್ದು ಬಿಟ್ಟು. ನಿಮ್ಮ ಮನೆಯಲ್ಲಿ ಚಿಲಕ ಹಾಕಿಕೊಳ್ಳುವವರು ಯಾರು? ಅವರನ್ನು ಚಿಲಕದ ಹಿಂದೆ ಅಟ್ಟಿದ್ದು ಯಾರ ಬೈಗುಳ? ಇವತ್ತು ಮನೆಗೆ ಹೋಗಿ, ಬೈಯುವ ಮೊದಲು ಒಂದು ಮಾತು ಹೇಳಿ: ಬಿಡಲಾಗದಿದ್ದರೆ ನನ್ನೆದುರಿಗೆ ಬಾ, ಒಬ್ಬನೇ ಸಾಯಬೇಡ. ಅಂಥ ಕೋಣೆಗೆ ಬೀಗ ಹಿಡಿದು ಹೊರಟವರಿದ್ದರೆ, ಮೊದಲು ನಿಮ್ಮ ಸೀಗೆಪುಡಿ ಡಬ್ಬಿಯಲ್ಲಿ ಕೈಯಾಡಿಸಿ ನೋಡಿ.

ಪಂಚಾಯಿತಿ ಸೇರಲಿಲ್ಲ. ಶ್ರೀಮಂತ ಲಾಡು ಬಿಡಲಿಲ್ಲ. ಈಗ ನಡುಮನೆಯಲ್ಲಿ, ಹೆಂಡತಿಯ ಎದುರು ಕೂತು, ಅರ್ಧ ತಿನ್ನುತ್ತಾನೆ. ಬದುಕಿದ್ದಾನೆ.