ಅಪಘಾತವಿಲ್ಲದ ಐದು ವರ್ಷ

ಕಟ್ಟಡ ಗುತ್ತಿಗೆದಾರರ ಸಂಘದ ಅಧ್ಯಕ್ಷರೇ, ಈಗಷ್ಟೇ ನನಗೆ ಶಾಲು ಹೊದಿಸಿದ ಹಿರಿಯರೇ, ನಮ್ಮ ಕಂಪನಿಯ ಯಜಮಾನರೇ, ಒಂದು ದಿನದ ಕೆಲಸ ಬಿಟ್ಟು ಬಂದಿರುವ ಮೇಸ್ತ್ರಿಗಳೇ, ಕೆಲಸಗಾರರೇ, ಸಭಿಕರೇ,

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ನಮ್ಮ ಸೈಟುಗಳಲ್ಲಿ ಐದು ವರ್ಷದಿಂದ ಒಂದೂ ಅಪಘಾತವಾಗಿಲ್ಲ ಎಂದು ಸುರಕ್ಷತಾ ಅಧಿಕಾರಿಯಾದ ನನಗೆ ಈ ಸನ್ಮಾನ. ನಿರೂಪಕರು "ದಿನೇಶ್ ಅವರು ಎರಡು ಮಾತು ಆಡಬೇಕು" ಎಂದರು. ಎರಡೇ ಮಾತಿಗೆ ಮುಗಿಸಿದವರನ್ನು ನಾನು ಈ ವೇದಿಕೆಯಲ್ಲಿ ಕಂಡಿಲ್ಲ. ನಾನೂ ಮುಗಿಸಲಾರೆ, ಕ್ಷಮಿಸಿ.

ನನ್ನ ಊರು ಕೋಣಂದೂರು. ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಸೇರಿದಾಗ ನಮ್ಮಮ್ಮ ಕೇರಿಯೆಲ್ಲ ಹೇಳಿಕೊಂಡು ಬಂದಿದ್ದಳು, "ನಮ್ ದಿನೇಶಂದು ಯಾರೂ ಬೀಳ್ದಂಗೆ ನೋಡ್ಕಳ ಕೆಲ್ಸ" ಅಂತ. ನಿಜ, ನನ್ನ ಕೆಲಸ ಅಷ್ಟೇ. ಅದಕ್ಕೆ ನನ್ನ ಕೈಗೆ ಕೊಟ್ಟದ್ದು ಹನ್ನೆರಡು ಸೇಫ್ಟಿ ಬೆಲ್ಟ್. ಮೂರೂ ಸೈಟಿಗೆ ಸೇರಿ ಹನ್ನೆರಡು. ಇನ್ನಷ್ಟು ಬೇಕೆಂದು ಕೇಳಿದೆ, ಮತ್ತೆ ಕೇಳಿದೆ, ಆಮೇಲೆ ಕೇಳುವುದನ್ನೇ ಬಿಟ್ಟೆ. ತಪಾಸಣೆಯವರು ಸಾಗರಕ್ಕೆ ಬರುತ್ತಾರೆಂದರೆ ಬೆಲ್ಟುಗಳು ಸಾಗರಕ್ಕೆ ಹೋಗುತ್ತಿದ್ದವು. ತೀರ್ಥಹಳ್ಳಿಗೆಂದರೆ ತೀರ್ಥಹಳ್ಳಿಗೆ. ನಮ್ಮ ಬೆಲ್ಟುಗಳಷ್ಟು ಊರು ಸುತ್ತಿದವರು ಮಲೆನಾಡಿನಲ್ಲಿ ಯಾರೂ ಇಲ್ಲ. ನಗಬಹುದು. ನಾನೂ ನಗುತ್ತಿದ್ದೆ.

ಕಳೆದ ವರ್ಷ ಫೆಬ್ರವರಿಯಲ್ಲಿ ಹೊಸನಗರದ ನಮ್ಮ ಮೂರಂತಸ್ತಿನ ಕಟ್ಟಡಕ್ಕೆ ಹೊರಗೋಡೆಯ ಗಾರೆ ನಡೆದಿತ್ತು. ಗೋಡೆಗೆ ಬಿದಿರಿನ ಸಾರುವೆ ಕಟ್ಟುತ್ತಿದ್ದವನು ಕೆಳದಿ ಕಡೆಯ ಮಾಸ್ತಪ್ಪ. ನಿಮ್ಮಲ್ಲಿ ಅರ್ಧ ಜನ ಅವನು ಕಟ್ಟಿದ ಸಾರುವೆಯ ಮೇಲೆ ನಿಂತವರು. ಅವನು ಬಿಗಿದ ಗಂಟು ಜಾರಿದ್ದನ್ನು ಯಾರಾದರೂ ಕಂಡಿದ್ದೀರಾ?

ಆ ಬೆಳಿಗ್ಗೆ ನಾನೇ ಬೆಲ್ಟುಗಳನ್ನೆಲ್ಲ ಜೀಪಿಗೆ ಹಾಕುತ್ತಿದ್ದೆ. ಮಾಸ್ತಪ್ಪ ಬಂದು ನಿಂತ.

"ಒಂದಾದ್ರೂ ಬಿಟ್ಟೋಗಿ ಸಾರ್. ಬಿದಿರು ಹಳೇದು, ನಂಬಕ್ಕಾಗಲ್ಲ."

"ತೀರ್ಥಹಳ್ಳಿಲಿ ಲೆಕ್ಕ ನೋಡ್ತಾರೆ ಮಾರಾಯ. ಇವತ್ತೊಂದಿನ ಹುಷಾರಾಗಿ ಮಾಡು" ಎಂದೆ.

ಕೆಲಸ ನಿಲ್ಲಿಸು ಎನ್ನುವ ಅಧಿಕಾರ ನನಗಿತ್ತು. ನನ್ನ ನೇಮಕಾತಿ ಪತ್ರದಲ್ಲೇ ಅದು ಇದೆ. ನಾನು ಹುಷಾರು ಎಂದೆ.

ಕೋಣಂದೂರು ದಾಟುವಾಗ ಫೋನ್ ಬಂತು. ಕಾಲಿಟ್ಟ ಬಿದಿರು ಸೀಳಿ ಮಾಸ್ತಪ್ಪ ಬಿದ್ದಿದ್ದಾನೆ. ನಾನು ತಕ್ಷಣ ಜೀಪು ತಿರುಗಿಸಿದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ತಿರುಗಿಸಲಿಲ್ಲ. ಮೊದಲು ತೀರ್ಥಹಳ್ಳಿಗೆ ಹೋಗಿ ಬೆಲ್ಟು ಕೊಟ್ಟು ಬಂದೆ.

ಆಸ್ಪತ್ರೆಯಲ್ಲಿ ದಾಖಲಾತಿ ಇನ್ನೂ ಆಗಿರಲಿಲ್ಲ. ಮಾಸ್ತಪ್ಪ ಸ್ಟ್ರೆಚರಿನ ಮೇಲೆ ಕಣ್ಣು ಮುಚ್ಚಿ ಮಲಗಿದ್ದ. ಅಷ್ಟರಲ್ಲಿ ಆಫೀಸಿನಿಂದ ಫೋನ್. "ಸೈಟು ಅಂದ್ರೆ ಪೊಲೀಸು, ಕೇಸು, ಕೆಲ್ಸ ಬಂದ್. ತೋಟದಲ್ಲಿ ಬಿದ್ದ ಅಂತ ಬರೆಸಿ." ಯಜಮಾನರು ಈಗ ನೆಲ ನೋಡುತ್ತಿದ್ದಾರೆ. ಇರಲಿ, ಬರೆಸಿ ಎಂದವರು ಅವರು, ಬರೆದವನು ನಾನು. "ಅಡಿಕೆ ಮರದಿಂದ ಬಿದ್ದು ಪೆಟ್ಟಾಗಿದೆ." ನಮ್ಮ ಸೀಮೆಯಲ್ಲಿ ಈ ಮಾತನ್ನು ಯಾರು ಅನುಮಾನಿಸುತ್ತಾರೆ?

ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಮಾಸ್ತಪ್ಪ ಮನೆಗೆ ಹೋದ. ಕಟ್ಟಡ ಕಾರ್ಮಿಕನೆಂಬ ಕಾರ್ಡು ಅವನ ಹತ್ತಿರ ಇತ್ತು. ಆದರೆ ಬಿದ್ದದ್ದು ಮರದಿಂದಲ್ಲವೇ? ಹೆಂಡತಿ ಬೆಳ್ಳಮ್ಮ ಪರಿಹಾರಕ್ಕೆ ಕಾರ್ಮಿಕ ಇಲಾಖೆಗೆ ಹಾಕಿದ ಅರ್ಜಿ ವಾಪಸು ಬಂತು. ಆಕೆ ಆ ಕಾಗದ ಹಿಡಿದು ನನ್ನ ಹತ್ತಿರವೇ ಬಂದರು, ಓದಿ ಹೇಳಿ ಎಂದು.

"ಇವ್ರು ಯಾವ್ ತೋಟಕ್ ಹೋಗಿದ್ರು ಸಾರ್? ಹುಟ್ಟಿದಾಗಿಂದ ಅಡ್ಕೆ ಮರ ಹತ್ತಿದೋರಲ್ಲ. ಯಾವ ಪುಣ್ಯಾತ್ಮ ಬರ್ದಿದ್ದು ಇದ್ನ?"

ಗೊತ್ತಿಲ್ಲ ಎಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಬೆನ್ನಿನ ಹುಣ್ಣು ಎಲುಬು ಮುಟ್ಟಿತ್ತು. ನೋಡಲು ಹೋದೆ. ಬೆಳ್ಳಮ್ಮ ನೀರು ತರಲು ಹೊರಗೆ ಹೋದಾಗ ಮಾಸ್ತಪ್ಪ ಮೆಲ್ಲಗೆ ಹೇಳಿದ, "ನೀವು ಬರ್ದಿದ್ದು ನಂಗೊತ್ತು ಸಾರ್. ನಾನ್ ಆವಾಗ ಎಚ್ರ ಇದ್ದೆ. ಇವ್ಳಿಗೆ ಹೇಳಿಲ್ಲ. ನಿಮ್ ಕೆಲ್ಸಾನೂ ಹೋಗದು ಬ್ಯಾಡ."

ಹದಿನೈದು ದಿನಕ್ಕೆ ಅವನು ಹೋದ.

ಆಮೇಲೆ ಬೆಳ್ಳಮ್ಮನಿಗೆ ಎಲ್ಲ ಹೇಳಿದೆ. ಆಕೆ ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬರೆದದ್ದು ಸುಳ್ಳೆಂದು ಇಲಾಖೆಯ ಕಚೇರಿಗೂ ಹೇಳಿಕೆ ಕೊಟ್ಟೆ. ಅವರು ಕೇಳಿದ್ದು ನ್ಯಾಯವಾದದ್ದೇ: "ಬಿದ್ದಾಗ ನೀವು ಅಲ್ಲಿರಲಿಲ್ಲವಲ್ಲ. ಕಣ್ಣಾರೆ ಕಂಡವರು ಯಾರು?"

ಆ ದಿನ ಸಾರುವೆಯ ಕೆಳಗೆ ನಾಲ್ಕು ಜನ ಇದ್ದಿರಿ. ನಾಲ್ವರೂ ಈ ಸಭೆಯಲ್ಲಿದ್ದೀರಿ. ಒಬ್ಬೊಬ್ಬರ ಮನೆಗೂ ಬಂದು ಕೇಳಿದೆ, ಯಾರೂ ಇಲ್ಲವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಹೆಸರು ಹೇಳುವುದಿಲ್ಲ. ನಾಳೆಯೂ ನಿಮಗೆ ಕೂಲಿ ಬೇಕು, ಕೊಡುವವರು ಈ ವೇದಿಕೆಯಲ್ಲಿದ್ದಾರೆ. ಆದರೂ ಕೇಳುತ್ತೇನೆ. ಕಂಡದ್ದನ್ನು ಕಂಡೆ ಎನ್ನಲು ಒಬ್ಬರು ಕೈ ಎತ್ತುತ್ತೀರಾ?

ಕಾಯುತ್ತೇನೆ.

ಒಬ್ಬರು ಸಾಕು.

ಆಯಿತು. ತಲೆ ತಗ್ಗಿಸಬೇಡಿ. ನಾನು ಪೆನ್ನು ಹಿಡಿದಾಗ ನನಗೂ ಹೀಗೆಯೇ ಆಗಿತ್ತು, ನಿಮ್ಮನ್ನು ಬೈಯುವ ಯೋಗ್ಯತೆ ನನಗಿಲ್ಲ.

ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದವರು ಬೆಳ್ಳಮ್ಮ. ನಾನೇ ಕರೆತಂದಿದ್ದೆ. ಈಗ ಎದ್ದು ಹೊರಟಿದ್ದಾರೆ. ಬೆಳ್ಳಮ್ಮಾ, ಸ್ವಲ್ಪ ನಿಲ್ಲಿ, ಬಸ್ ಸ್ಟ್ಯಾಂಡಿನ ತನಕ ನಾನೂ ಬರ್ತೀನಿ.

ನಿಲ್ಲಲಿಲ್ಲ.

ಇಷ್ಟು ಹೊತ್ತು ಮೈಕು ಕಿತ್ತುಕೊಳ್ಳದೆ ಕೇಳಿದ್ದಕ್ಕೆ ತಮಗೆಲ್ಲ ಧನ್ಯವಾದಗಳು. ನಮಸ್ಕಾರ.