ಗ್ಲಾಸಿನ ತವರು

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ದೂರದಿಂದ ದಯಮಾಡಿಸಿರುವ ಮುಖ್ಯ ಅತಿಥಿಗಳೇ, ನಮ್ಮ ಡಿಸ್ಟಿಲರಿಯ ಗೆಳೆಯರೇ, ಇಂದು ನಿವೃತ್ತರಾಗುತ್ತಿರುವ ಟೇಸ್ಟಿಂಗ್ ರೂಮಿನ ಮುಖ್ಯಸ್ಥರೇ, ಮತ್ತು ಭಾಷಣ ಬೇಗ ಮುಗಿಯಲಿ ಎಂದು ಮನಸ್ಸಿನಲ್ಲೇ ಹಾರೈಸುತ್ತಿರುವ ಸಭಿಕರೇ,

ಮುಖ್ಯಸ್ಥರು ನನ್ನ ಹೆಂಡತಿಯೂ ಹೌದು. ವೇದಿಕೆಯ ಮೇಲೆ ಬಹುವಚನ, ಮನೆಯಲ್ಲಿ ಬೇರೆ ವ್ಯಾಕರಣ. ತಪ್ಪಿದರೆ ಸಹಿಸಿಕೊಳ್ಳಿ.

ಮಾಲ್ಟ್ ವಿಸ್ಕಿಗೆ ಊರಿನ ಗುಣ ಹೇಗೆ ಅಂಟುತ್ತದೆ ಎಂಬ ಬಗ್ಗೆ ನಾಲ್ಕು ಮಾತಾಡಲು ನನಗೆ ಹೇಳಿದ್ದಾರೆ. ಮೂಗು ಅವರದು, ನಾನು ಬರೀ ಗೋದಾಮು ಕಾದವನು. ಆದರೂ ಹೇಳುತ್ತೇನೆ. ಬಾರ್ಲಿ ಎಲ್ಲ ಕಡೆಯೂ ಬಾರ್ಲಿಯೇ. ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಭಟ್ಟಿ ಇಳಿಸುವುದೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ನಮ್ಮ ಕಡಲತೀರದ ವಿಸ್ಕಿಯಲ್ಲಿ ಹೊಗೆ ಯಾಕೆ, ಉಪ್ಪುಪ್ಪು ಯಾಕೆ? ಒಳನಾಡಿನ ಕಣಿವೆಯದರಲ್ಲಿ ಜೇನಿನ ಪರಿಮಳ ಯಾಕೆ, ಸೇಬಿನದು ಯಾಕೆ? ಇಲ್ಲಿ ಸೌದೆ ಕಡಿಮೆ. ನಮ್ಮ ಹಿರಿಯರು ಜೌಗು ನೆಲದಲ್ಲಿ ಹುಲ್ಲುಕಡ್ಡಿ ಕೊಳೆತು ಆದ ಕರಿಮಣ್ಣನ್ನು ಕೊಯ್ದು, ಬಿಸಿಲಿಗಿಟ್ಟು, ಅದನ್ನೇ ಉರಿಸಿ ಕಾಳು ಒಣಗಿಸಿದರು. ಹೊಗೆ ಕಾಳಿಗೆ ಹತ್ತಿತು. ಕಣಿವೆಯವರು ಹೊಗೆ ತಾಕಿಸಲಿಲ್ಲ. ಆಮೇಲೆ ಪೀಪಾಯಿ ವರ್ಷಗಟ್ಟಲೆ ಮಲಗುತ್ತದೆ, ಮರ ಮೆಲ್ಲಗೆ ಉಸಿರಾಡುತ್ತದೆ. ಇಲ್ಲಿ ಉಸಿರೆಳೆದರೆ ಒಳಗೆ ಬರುವುದು ಸಮುದ್ರ.

ಮಧ್ಯಾಹ್ನಗಳಲ್ಲಿ ನಾನು ಗೋದಾಮಿನೊಳಗೆ ಸುಮ್ಮನೆ ಕೂತಿರುತ್ತಿದ್ದೆ. ಅರೆಗತ್ತಲೆ, ಒದ್ದೆ ಮಣ್ಣಿನ ನೆಲ, ಗೋಡೆಯಾಚೆ ಅಲೆ. ಎಚ್ಚರವೋ ಮಂಪರೋ ತಿಳಿಯುತ್ತಿರಲಿಲ್ಲ. ಪೀಪಾಯಿಗಳ ಜೊತೆ ನಾನೂ ನಿಧಾನಕ್ಕೆ ಹದವಾಗುತ್ತಿದ್ದೇನೆ ಅನ್ನಿಸುತ್ತಿತ್ತು. ಅದೊಂದು ಸುಖ.

ಎಲ್ಲಿದ್ದೆ? ಹಾಂ, ಊರು. ನಮ್ಮ ಟೇಸ್ಟಿಂಗ್ ರೂಮಿನಲ್ಲಿ ಗುರುತಿಲ್ಲದ ಗ್ಲಾಸು ಮುಂದಿಟ್ಟು "ಯಾವ ಪ್ರದೇಶದ್ದು?" ಎಂದು ಯಾರೂ ಕೇಳುವುದಿಲ್ಲ. "ತವರು ಯಾವುದು?" ಎನ್ನುತ್ತೇವೆ. ಕಣಿವೆಯಿಂದ ಬಂದ ಹೊಸ ಹುಡುಗಿಗೆ ಇದು ಗೊತ್ತಿರಲಿಲ್ಲ. ಮೊದಲ ದಿನವೇ ಕೇಳಿದಾಗ ಕೆಂಪಾಗಿ, "ನಂಗಿನ್ನೂ ಮದ್ವೆನೇ ಆಗಿಲ್ಲ ಸರ್" ಎಂದುಬಿಟ್ಟಳು. ರೂಮೆಲ್ಲ ನಕ್ಕಿತು. ನಾನು ನಗಲಿಲ್ಲ. ನನಗೆ ಆ ಮಾಹಿತಿ ಬೇಕಾಗಿತ್ತು.

ಆ ಹುಡುಗಿಯೇ ಈಗ ನಿವೃತ್ತಳಾಗಿ ತವರಿಗೆ ಹೊರಟಿದ್ದಾಳೆ. ಅಕ್ಕನ ಮನೆ ಪಕ್ಕದಲ್ಲೇ ಮನೆ ನೋಡಿದ್ದಾಳೆ. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂತು. ಮೊನ್ನೆ ತಟ್ಟೆ ಒರೆಸುತ್ತಾ ಹೇಳಿದಳು: "ನಾನಂತೂ ಹೋಗ್ತೀನಿ ರೀ. ನಿಮ್ಮ ಸಮುದ್ರ ಕೇಳಿದ್ದು ಸಾಕು. ನೀವು ಬರ್ತೀರೋ ಇಲ್ಲೇ ಇರ್ತೀರೋ ನೋಡ್ಕೊಳ್ಳಿ. ಬರ್ಲಿಲ್ಲ ಅಂದ್ರೂ ಕೋಪ ಮಾಡ್ಕೊಳ್ಳಲ್ಲ." ಕೋಪ ಮಾಡಿಕೊಳ್ಳುವುದಿಲ್ಲವಂತೆ! ಸಭಿಕರೇ, ಗಂಡನಾದವನಿಗೆ ಇದಕ್ಕಿಂತ ಹೆದರಿಕೆಯ ಮಾತು ಉಂಟೇ? "ನೋಡೋಣ" ಎಂದೆ. ಅಲೆಯ ಸದ್ದಿಲ್ಲದೆ ನಾನು ಮಲಗಿದವನೇ ಅಲ್ಲ. ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ.

ಹಿಂದೊಮ್ಮೆ ಕಣಿವೆಯ ಗೋದಾಮಿನ ಸೂರು ರಿಪೇರಿಯಾಗುವಾಗ ಅವರ ಪೀಪಾಯಿಗಳನ್ನು ನಮ್ಮಲ್ಲಿ ಇರಿಸಿದ್ದರು. ವಾಪಸು ಕಳಿಸುವಾಗ ಒಂದು ಇಲ್ಲೇ ಉಳಿದುಹೋಯಿತು. ಎಷ್ಟೋ ವರ್ಷದ ಮೇಲೆ ಅದರ ಗ್ಲಾಸು ಇವಳ ಮುಂದೆ ಬಂತು. ಬಹಳ ಹೊತ್ತು ಮೂಸಿ ನೋಡಿದಳು. "ತವರು ಕಣಿವೆ. ಪಾಪ, ಬಾಳಿದ್ದು ಮಾತ್ರ ಇಲ್ಲಿ" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಆ "ಪಾಪ" ಒಂದೇ ಕೇಳಿಸಿತು. ಮನೆಗೆ ಹೋಗಿ ಯಾಕೆ ಹಾಗೆಂದೆ ಎಂದು ಕೇಳುವ ಧೈರ್ಯ ಬರಲಿಲ್ಲ. ಆಮೇಲೂ ಬರಲಿಲ್ಲ.

ತವರು ಇರುವುದು ಬಿಟ್ಟು ಬಂದವರಿಗೆ. ನಾನು ಹುಟ್ಟಿದ ಓಣಿಯಲ್ಲೇ ಮುದುಕನಾದವನು, ನನಗೆಲ್ಲಿಯ ತವರು? ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಒಂದೇ ನಿಮಿಷ ಸ್ವಾಮಿ, ಇದೊಂದನ್ನು ಮನೆಯಲ್ಲಿ ಹೇಳಲಾಗಲಿಲ್ಲ.

ಇಲ್ಲಿ ನೋಡು. ನಾನು ಬರ್ತೀನಿ ಕಣೇ. ಮೊದಮೊದಲು ನಿದ್ದೆ ಬರಲ್ಲ, ಗೊಣಗ್ತೀನಿ. ನೀನು ಈ ಊರಿಗೆ ಬಂದಾಗ ನಿನಗೆ ನಿದ್ದೆ ಬರ್ತಿತ್ತೋ ಇಲ್ಲವೋ, ನಾನು ಒಂದು ದಿನವೂ ಕೇಳಲಿಲ್ಲ. ಅಲ್ಲಿ ನನ್ನನ್ನು ನೀನು ಕೇಳು.

ಮನೆಯ ಮಾತನ್ನು ಸಭೆಗೆ ತಂದದ್ದಕ್ಕೆ ಕ್ಷಮೆಯಿರಲಿ, ಕೂತು ಕೇಳಿದ ನಿಮ್ಮ ದೊಡ್ಡ ಮನಸ್ಸಿಗೆ ಧನ್ಯವಾದ. ಎಲ್ಲರಿಗೂ ನಮಸ್ಕಾರ.