ಎದೆ ತೋರಿಸಲು ಆಳನ್ನು ಕಳಿಸಿದ ಸಾಹುಕಾರ

ಒಂದು ನಡುಗಡ್ಡೆಯಲ್ಲಿ ಒಬ್ಬ ಸಾಹುಕಾರ ಇದ್ದ. ಹೆಸರು ಹೇಳುವುದಿಲ್ಲ, ಅವನ ಬೀಗರು ಯಾರಾದರೂ ಇಲ್ಲೇ ಮಠದಲ್ಲಿ ಕೂತಿದ್ದಾರು. ಸುತ್ತ ಕೃಷ್ಣಾ ನದಿ, ನಡುವೆ ಅರವತ್ತು ಮನೆ. ಅದರಲ್ಲಿ ಒಂದೇ ಒಂದು ಮಹಡಿ ಮನೆ, ಅದು ಇವನದು.

ಈ ಸಾಹುಕಾರ ಬಹಳ ದೈವಭಕ್ತ. ಏಕಾದಶಿ ಬಂತೆಂದರೆ ಆ ಮನೆಯಲ್ಲಿ ಉಪವಾಸ ತಪ್ಪುತ್ತಿರಲಿಲ್ಲ. ಉಪವಾಸ ಇರುತ್ತಿದ್ದವನು ಮಾತ್ರ ಅವನ ಆಳು. ದೀಡ ನಮಸ್ಕಾರದ ಹರಕೆ ಹೊತ್ತವನು ಸಾಹುಕಾರ, ಗುಡಿ ಸುತ್ತ ನೆಲಕ್ಕೆ ಬಿದ್ದು ಬಿದ್ದು ಎದ್ದವನು ಆಳು. ಬೀಗರ ಮನೆಯಲ್ಲಿ ಸಾವಾದರೆ ಅತ್ತು ಬರಲು ಹೋಗುತ್ತಿದ್ದವನೂ ಆಳೇ. ನಗಬೇಡಿ, ಚೆನ್ನಾಗಿಯೇ ಅಳುತ್ತಿದ್ದ. ನಲವತ್ತು ವರ್ಷದ ಅಭ್ಯಾಸ.

ಇಂಥ ಸಾಹುಕಾರನಿಗೆ ಎದೆನೋವು ಶುರುವಾಯಿತು. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿತ್ತು, ಎಡಗೈ ಜೋಮು ಹಿಡಿಯುತ್ತಿತ್ತು. ಮಳೆಗಾಲ, ನದಿ ತುಂಬಿ ದೋಣಿ ನಿಂತಿತ್ತು. ಪುಣ್ಯಕ್ಕೆ, ದೋಣಿ ನಿಲ್ಲುವ ಮುಂಚೆಯೇ ಅಲ್ಲಿನ ಆಸ್ಪತ್ರೆಗೆ ಒಂದು ಟಿವಿ ಬಂದಿತ್ತು. ಆಸ್ಪತ್ರೆ ಅಂದರೆ ಏನು? ಒಂದು ಕೋಣೆ, ಹೊಸದಾಗಿ ಬಂದ ಒಬ್ಬ ನರ್ಸಮ್ಮ. ಪಟ್ಟಣದ ಡಾಕ್ಟರು ಆ ಟಿವಿಯಲ್ಲಿ ಕಾಣುತ್ತಾರೆ, ಮಾತಾಡುತ್ತಾರೆ. ನರ್ಸಮ್ಮ ಇಲ್ಲಿ ಎದೆಗೆ ವಯರು ಹಚ್ಚಿದರೆ, ಹೃದಯದ ಗೆರೆ ಅಲ್ಲಿ ಅವರಿಗೆ ಕಾಣುತ್ತದೆ.

ಹೋಗಿ ತೋರಿಸಿಕೊಂಡು ಬನ್ನಿ ಎಂದು ಹೆಂಡತಿ ಅತ್ತು ಬೇಡಿಕೊಂಡಳು. ಸಾಹುಕಾರ ಏನೆಂದ ಗೊತ್ತೇ?

"ಡಾಕ್ಟರ್ ಖುದ್ದ ಬಂದಾನೇನು? ಟಿವ್ಯಾಗ ಬರೇ ಮಾರಿ ಕಳಿಸ್ಯಾನ. ನಾ ಯಾಕ ಖುದ್ದ ಹೋಗ್ಲಿ? ಆಳು ಹೋಗಿ ಬರ್ತಾನ."

ನೋಡಿ, ಎಂಥ ನ್ಯಾಯ! ಬೆಳಿಗ್ಗೆ ಆಳಿಗೆ ತನ್ನ ಅಂಗಿ ತೊಡಿಸಿದ, ತನ್ನ ರುಮಾಲು ಸುತ್ತಿದ, ಎಲ್ಲಿ ನೋವು, ಯಾವಾಗ ನೋವು ಎಲ್ಲವನ್ನೂ ಬಾಯಿಪಾಠ ಮಾಡಿಸಿದ. ಆಳು ಟಿವಿ ಮುಂದೆ ಕೂತು ಒಂದಕ್ಷರ ಬಿಡದೆ ಒಪ್ಪಿಸಿದ. ಡಾಕ್ಟರು ಗೆರೆ ನೋಡಿ ಬೆರಗಾದರು. ಈ ವಯಸ್ಸಿನಲ್ಲಿ ಇಂಥ ಗಟ್ಟಿ ಹೃದಯ ಕಂಡಿಲ್ಲ, ಗ್ಯಾಸು ಇರಬೇಕು, ನೀರು ಇಳಿದ ಮೇಲೆ ಒಮ್ಮೆ ಬನ್ನಿ ಎಂದರು. ಗಟ್ಟಿ ಇರದೆ ಏನು? ದಿನವೂ ಮೂಟೆ ಹೊತ್ತ ಹೃದಯ, ಇಬ್ಬರ ಉಪವಾಸ ಮಾಡಿದ ಹೃದಯ!

ಸಾಹುಕಾರ ಖುಷಿಯಲ್ಲಿ ತುಪ್ಪ ಸುರಿದುಕೊಂಡು ಎಂಟು ಹೋಳಿಗೆ ತಿಂದ. ಮಹಡಿ ಹತ್ತಲು ಹೋದ. ಏಳನೇ ಮೆಟ್ಟಿಲಲ್ಲಿ ಬಿದ್ದ.

ಆಳು ಅವನನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದ. ಹೆಂಡತಿ ಬರಿಗಾಲಲ್ಲಿ ಹಿಂದೆ ಓಡಿದಳು. ನರ್ಸಮ್ಮ ವಯರು ಹಚ್ಚಿದರು. ಡಾಕ್ಟರು ಈ ಗೆರೆ ನೋಡಿದರು, ಅದೇ ಹೆಸರಿನ ಬೆಳಗಿನ ಗೆರೆ ನೋಡಿದರು. ಎರಡೂ ಒಬ್ಬ ಮನುಷ್ಯನದಲ್ಲ ಎಂದರು.

ಆಳು ಕೈ ಮುಗಿದ. "ಮುಂಜಾನಿದು ನಂದ್ರಿ ಸಾಹೇಬ್ರ. ಇದು ಧಣೇರದು."

"ಎದೀನೂ ಆಳಿನ ಕೈಯಾಗ ಕಳಿಸ್ಯಾರೇನು?" ಎಂದರು ಡಾಕ್ಟರು.

ಆಮೇಲೆ ಬಯ್ಯಲು ಅವರಿಗೆ ಪುರುಸೊತ್ತು ಇರಲಿಲ್ಲ. ಯಾವ ಮಾತ್ರೆ, ಎಷ್ಟು, ನಾಲಿಗೆ ಕೆಳಗೆ ಯಾವುದು ಎಂದು ನರ್ಸಮ್ಮನಿಗೆ ಹೇಳುತ್ತ, ಅಗ್ನಿಶಾಮಕದವರ ದೋಣಿ ಬರುವವರೆಗೆ ನಾಲ್ಕು ತಾಸು ಟಿವಿ ಬಿಟ್ಟು ಕದಲಲಿಲ್ಲ. ಸಾಹುಕಾರ ಬದುಕಿದ. ಆದರೆ ಅರ್ಧ ಹೃದಯ ಸತ್ತಿತ್ತು. ಬೆಳಿಗ್ಗೆ ತಾನೇ ಹೋಗಿದ್ದರೆ ಅದೂ ಉಳಿಯುತ್ತಿತ್ತೋ ಏನೋ. ಅವತ್ತಿನಿಂದ ಅವನು ತನ್ನದೇ ಮಹಡಿ ಹತ್ತಿಲ್ಲ.

ನಕ್ಕವರು ಈಗ ಕೈ ಎತ್ತಿ. ಎರಡನೇ ಸಾಲಿನ ಯಜಮಾನರೇ, ನನ್ನ ಪಾದಪೂಜೆಗೆ ಡ್ರೈವರನ್ನು ಕಳಿಸಿದವರು ನೀವೇ ಅಲ್ಲವೇ? ತಾಯಂದಿರೇ, ನಿಮ್ಮ ಮಂಡಿನೋವನ್ನು ಪಕ್ಕದ ಮನೆಯವಳ ಬಾಯಲ್ಲಿ ಔಷಧಿ ಅಂಗಡಿಗೆ ಹೇಳಿ ಕಳಿಸುತ್ತೀರಿ, ಅವಳು ತಂದ ಮಾತ್ರೆ ನುಂಗುತ್ತೀರಿ. ದೇವರ ಮುಂದೆ ದೇಹ ಕೂರಿಸಿ ಮನಸ್ಸನ್ನು ಅಡುಗೆಮನೆಗೆ ಅಟ್ಟುತ್ತೀರಿ. ನಮ್ಮ ಪರವಾಗಿ ನೀವೇ ಜಪ ಮಾಡಿ ಸ್ವಾಮಿಗಳೇ ಅನ್ನುತ್ತೀರಿ. ನಾನು ಜಪ ಮಾಡಿದರೆ ನಿಮ್ಮ ಬಿಪಿ ಇಳಿಯುತ್ತದೆಯೇ? ನನ್ನದೇ ಇಳಿದಿಲ್ಲ.

ನೋವು ನಿಮ್ಮದು, ಬಾಯಿ ನಿಮ್ಮದು. ಡಾಕ್ಟರು ಟಿವಿಯಲ್ಲಿ ಬರಲಿ, ಫೋನಿನಲ್ಲಿ ಬರಲಿ, ನೀವು ಮಾತ್ರ ಖುದ್ದಾಗಿ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಇವತ್ತು ಇಲ್ಲಿ ಬಾಗಿಲ ಹತ್ತಿರವೂ ಒಬ್ಬ ನರ್ಸಮ್ಮ ರಕ್ತ ಪರೀಕ್ಷೆಗೆ ಕೂತಿದ್ದಾರೆ. ಮೊದಲು ತೋಳು ಚಾಚಿ, ಆಮೇಲೆ ಪ್ರಸಾದ. ನಾನೂ ಸಾಲಿನಲ್ಲಿ ನಿಲ್ಲುತ್ತೇನೆ. ಹೋದ ವರ್ಷ ಸ್ವಾಮಿಗಳಿಗೆ ಸಕ್ಕರೆ ಕಾಯಿಲೆಯೇ ಇಲ್ಲವೆಂದು ನೀವೆಲ್ಲ ಹಾರ ಹಾಕಿದಿರಲ್ಲ, ಆ ರಕ್ತ ನಮ್ಮ ಮಠದ ಅಡುಗೆಯವನದು.